ಸೇನಾಧಿಕಾರಿಯ ಅನುಭವವನ್ನು ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎನ್‌ಸಿಸಿ ಕೆಡೆಟ್‌ಗಳು, ಎಸ್‌ಎಸ್‌ಬಿಗೆ (ಸೇನಾಧಿಕಾರಿಗಳನ್ನು ಆರಿಸುವ ಆಯ್ಕೆ ಮಂಡಳಿಗೆ) ತಯಾರಿ ಮಾಡುತ್ತಿರುವವರು, ಸೇನೆಯಲ್ಲಿ ಸೇವೆ ಮುಗಿಸಿ ಊರಿಗೆ ಬಂದವರು, ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲವಕ್ಕೆ ಎರಡೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಅನುಭವದ ತಿಳಿವು ಅಂದ್ರೆ ಏನು? ತರಬೇತಿಯಲ್ಲಿ ಕಲಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅಡಿಕೆಗೆ ಔಷಧಿ ಹೊಡೆಯುವುದನ್ನೇ ನೋಡಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಸೇರಿದರೆ ಶೇಕಡಾ 1ರ ಬೋರ್ಡೋ ದ್ರಾವಣ ಅಂತ ಕರಪತ್ರದಲ್ಲೇ ಇರುತ್ತದೆ. ಆದರೆ ಮಳೆ ಬಿಡುವು ಕೊಟ್ಟ ಯಾವ ಬೆಳಿಗ್ಗೆಯನ್ನು ನಂಬಿ ಕೊನೆಗೌಡನನ್ನು ಮರ ಹತ್ತಿಸಬೇಕು ಅನ್ನುವುದು ಕರಪತ್ರದಲ್ಲಿ ಇರುವುದಿಲ್ಲ. ಅದು ತೋಟದಲ್ಲಿ ಕೊಳೆ ರೋಗ ಕಂಡು ಕಲಿತವರಿಗೆ ಮಾತ್ರ ಗೊತ್ತು.

ಸೇನೆಯಲ್ಲೂ ಎರಡು ಬಗೆಯ ತಿಳಿವಳಿಕೆ ಇರುತ್ತದೆ. ಗಸ್ತು ಹೇಗೆ ಯೋಜಿಸಬೇಕು, ವರದಿ ಹೇಗೆ ಬರೆಯಬೇಕು, ಆಯುಧ ಹೇಗೆ ಬಿಚ್ಚಿ ಜೋಡಿಸಬೇಕು ಅನ್ನುವುದನ್ನು ಅಕಾಡೆಮಿ ಕಲಿಸುತ್ತದೆ. ಮೂರು ದಿನ ನಿದ್ದೆಗೆಟ್ಟ ತುಕಡಿಗೆ ಇನ್ನೊಂದು ಕೆಲಸ ಹೇಳುವುದು ಹೇಗೆ? ಮೇಲಧಿಕಾರಿಗೆ ಕೆಟ್ಟ ಸುದ್ದಿಯನ್ನು ಯಾವ ಹೊತ್ತಲ್ಲಿ ಮುಟ್ಟಿಸಬೇಕು? ಇದನ್ನೆಲ್ಲ ಕೆಲಸ ಮಾಡುತ್ತಾ ಮಾಡುತ್ತಾ ಕಲಿಯಬೇಕು. ಹೀಗೆ ಕಲಿತದ್ದನ್ನು ಕಲಿತವರೇ ಬಾಯಿಬಿಟ್ಟು ಹೇಳಲು ತಡವರಿಸುತ್ತಾರೆ. ನಮಗೆ ಹೇಳಲು ಆಗುವುದಕ್ಕಿಂತ ಹೆಚ್ಚು ಗೊತ್ತಿರುತ್ತದೆ ಅನ್ನುವುದನ್ನು ಮೈಕೆಲ್ ಪೊಲಾನಿ ಎಂಬ ಚಿಂತಕರು ಕಳೆದ ಶತಮಾನದ ನಡುವಿನಲ್ಲೇ ಎತ್ತಿ ತೋರಿಸಿದ್ದರು.

ಇಷ್ಟು ವರ್ಷ ಸರ್ವಿಸ್ ಆಗಿದೆ ಅಂದ್ರೆ ಅನುಭವ ಇದ್ದೇ ಇರುತ್ತೆ ಅಲ್ವಾ? ಮತ್ತೇಕೆ ಅಳೆಯಬೇಕು?

ಇರುತ್ತದೆ ಅಂತ ಖಚಿತವಾಗಿ ಹೇಳಲು ಆಗದು. ನಮಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವ ಮಾತು ಇದೇ.

ಭಾರತೀಯ ಸೇನೆಯಲ್ಲಿ ಲೆಫ್ಟಿನೆಂಟ್ ಆಗಿ ಸೇರಿದವರು ಸಾಮಾನ್ಯವಾಗಿ 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾರೆ. ಅಲ್ಲಿವರೆಗೆ ಬೇಕಾದ ಅರ್ಹತೆಗಳ ಜೊತೆ ಕಾಲವೂ ಲೆಕ್ಕಕ್ಕೆ ಬರುತ್ತದೆ. ಕರ್ನಲ್ ಹುದ್ದೆಗೆ ಮಾತ್ರ ಆಯ್ಕೆ ಮಂಡಳಿ ಆರಿಸುತ್ತದೆ. ಒಂದು ಬೆಟಾಲಿಯನ್ನಿನ, ಅಂದರೆ ಸುಮಾರು 800 ಜನರ, ಹೊಣೆ ಬರುವುದು ಅಲ್ಲೇ. ವರ್ಷ ಎಣಿಸಿದರೆ ಸಾಕಾಗುವುದಿಲ್ಲ ಅಂತ ಸೇನೆಗೂ ಗೊತ್ತು.

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. 1990ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ ಮತ್ತು ಅವರ ಜೊತೆಗಾರರು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯವರ ಜೊತೆ ಸೇರಿ ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅಲ್ಲಿನ ಸೇನೆಯ ಸಂಶೋಧನಾ ಸಂಸ್ಥೆಯೇ ಅದಕ್ಕೆ ಬೆಂಬಲ ಕೊಟ್ಟಿತ್ತು. ಈಗಿನ ಹುದ್ದೆಯಲ್ಲಿ ಎಷ್ಟು ತಿಂಗಳು ಕಳೆದಿದ್ದಾರೆ ಅನ್ನುವುದಕ್ಕೂ ಅನುಭವದ ತಿಳಿವಿನ ಅಂಕಕ್ಕೂ ಹೇಳಿಕೊಳ್ಳುವಂಥ ನಂಟು ಅವರಿಗೆ ಸಿಗಲಿಲ್ಲ. ಒಂದೇ ವರ್ಷವನ್ನು ಹತ್ತು ಸಲ ಕಳೆದವರೂ ಇರುತ್ತಾರೆ, ಒಂದೇ ಚಳಿಗಾಲದ ಪೋಸ್ಟಿಂಗ್‌ನಿಂದ ಬೇಕಾದಷ್ಟು ಕಲಿತು ಬಂದವರೂ ಇರುತ್ತಾರೆ.

ಆ ಅಧ್ಯಯನದಲ್ಲಿ ಏನು ಮಾಡಿದರು? ಸ್ವಲ್ಪ ಬಿಡಿಸಿ ಹೇಳಿ.

ಮೊದಲು ಅಧಿಕಾರಿಗಳ ಹತ್ತಿರ ಕೂತು ಕಥೆ ಕೇಳಿದರು. "ನಾಯಕನ ಗುಣಗಳೇನು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾರಾದರೂ ಧೈರ್ಯ, ಶಿಸ್ತು, ಪ್ರಾಮಾಣಿಕತೆ ಅಂತ ಒಪ್ಪಿಸಿಬಿಡುತ್ತಾರೆ. ಬದಲಿಗೆ, ತರಗತಿಯಲ್ಲಿ ಯಾರೂ ಹೇಳಿಕೊಡದ, ನೀವಾಗಿಯೇ ಕಲಿತ ಒಂದು ಪ್ರಸಂಗ ಹೇಳಿ ಅಂದರು.

ಆ ಕಥೆಗಳನ್ನು ಒಂದು ಅಚ್ಚಿಗೆ ಇಳಿಸಿದರು. ಇಂಥ ಪರಿಸ್ಥಿತಿ ಬಂದರೆ, ಹೀಗೆ ಮಾಡು, ಯಾಕೆಂದರೆ ಇದು ಕಾರಣ. ಈ "ಯಾಕೆಂದರೆ" ಬಹಳ ಬೆಲೆಬಾಳುವ ಭಾಗ. ಕಾರಣ ಗೊತ್ತಿದ್ದವನು ಪರಿಸ್ಥಿತಿ ಬದಲಾದಾಗ ತಾನೂ ಬದಲಾಗುತ್ತಾನೆ. ಬರೀ ಮಾಡುವುದನ್ನು ಕಲಿತವನು ಹಳೆಯದನ್ನೇ ಮತ್ತೆ ಮಾಡುತ್ತಾನೆ.

ಆಮೇಲೆ ಆ ಪ್ರಸಂಗಗಳಿಂದ ಪ್ರಶ್ನಾವಳಿ ಮಾಡಿದರು. ಚಿಕ್ಕ ತುಕಡಿಯಿಂದ ದೊಡ್ಡದರ ಕಡೆಗೆ ಪ್ಲಟೂನ್, ಕಂಪನಿ, ಬೆಟಾಲಿಯನ್ ಮೂರಕ್ಕೂ ಬೇರೆ ಬೇರೆ. ಅದನ್ನು ಒಟ್ಟು 562 ಅಧಿಕಾರಿಗಳಿಗೆ ಕೊಟ್ಟರು. ಪ್ಲಟೂನ್ ಮಟ್ಟದವರು 368, ಕಂಪನಿ ಕಮಾಂಡರ್‌ಗಳು 163, ಬೆಟಾಲಿಯನ್ ಕಮಾಂಡರ್‌ಗಳು 31. ಜೊತೆಗೆ ಭಾಷಾ ಸಾಮರ್ಥ್ಯದ ಒಂದು ಪರೀಕ್ಷೆ. ಇವರು ಎಂಥ ನಾಯಕರು ಅಂತ ಮೇಲಿನವರು, ಸಮಾನರು, ಕೈಕೆಳಗಿನವರು ಕೊಟ್ಟ ಅಭಿಪ್ರಾಯವನ್ನೂ ಪಕ್ಕದಲ್ಲಿಟ್ಟು ನೋಡಿದರು.

ಪ್ರಶ್ನೆಗಳು ಹೇಗಿರುತ್ತವೆ? ಒಂದು ಉದಾಹರಣೆ ಕೊಡಿ.

ಅದೇ ಮಾದರಿಯಲ್ಲಿ ನಾವೇ ಒಂದು ಬರೆದಿದ್ದೇವೆ. ಅಂಕಗಳೂ ಲೆಕ್ಕ ಅರ್ಥವಾಗಲಿ ಅಂತ ನಾವು ಹಾಕಿದ್ದು.

ನೀವು ಹೊಸ ಲೆಫ್ಟಿನೆಂಟ್. ಪಲ್ಟನ್ (ಬೆಟಾಲಿಯನ್) ಸೇರಿ ಎರಡು ತಿಂಗಳಾಗಿದೆ. ನಾಳೆಯ ಗಸ್ತಿಗೆ ದಾರಿ ಗೊತ್ತು ಮಾಡಿ ಎಲ್ಲರನ್ನೂ ಕೂರಿಸಿ ವಿವರಿಸುತ್ತಿದ್ದೀರಿ. ನಿಮ್ಮ ಕೈಕೆಳಗಿನ ಹಿರಿಯ ಸುಬೇದಾರ್ ಸಾಬ್ ಜವಾನರ ಮುಂದೆಯೇ "ಸಾಬ್, ಆ ಹಳ್ಳದಲ್ಲಿ ಈಗ ದಾಟೋಕಾಗಲ್ಲ" ಅನ್ನುತ್ತಾರೆ. ಅವರ ಮಾತಲ್ಲಿ ಹುರುಳಿದೆ ಅಂತ ನಿಮಗೂ ಅನ್ನಿಸುತ್ತದೆ. ಕೆಳಗಿನ ಪ್ರತಿಯೊಂದಕ್ಕೂ 1ರಿಂದ 9ರವರೆಗೆ ಅಂಕ ಕೊಡಿ. 1 ಅಂದರೆ ತೀರಾ ಕೆಟ್ಟದ್ದು, 9 ಅಂದರೆ ತುಂಬಾ ಒಳ್ಳೆಯದು.

ಅ. ಆದೇಶ ಅಂದರೆ ಆದೇಶ ಅಂತ ಅಲ್ಲೇ ಗಟ್ಟಿಯಾಗಿ ಹೇಳುವುದು.
ಆ. ನಕ್ಷೆ ಮುಂದಿಟ್ಟು ಅವರ ಕಾರಣ ಕೇಳುವುದು. ದಾರಿ ಬದಲಿಸಿ, ಹೊಸ ದಾರಿಯನ್ನು ನಿಮ್ಮ ಆದೇಶವಾಗಿಯೇ ಕೊಡುವುದು. ಆಮೇಲೆ ಅವರೊಬ್ಬರೇ ಇದ್ದಾಗ, ಇಂಥದ್ದನ್ನು ಮುಂದೆ ಮೊದಲೇ ಹೇಳಿ ಅನ್ನುವುದು.
ಇ. ಕಂಪನಿ ಕಮಾಂಡರ್ ಹತ್ತಿರ ಹೋಗಿ ದೂರು ಕೊಡುವುದು.
ಈ. ಸದ್ಯಕ್ಕೆ ನಿಮ್ಮ ದಾರಿಯಲ್ಲೇ ಹೋಗಿ, ಬಂದ ಮೇಲೆ ಚರ್ಚೆ ಮಾಡುವುದು.

ಗಮನಿಸಿ, ಒಂದನ್ನು ಆರಿಸಿ ಟಿಕ್ ಹಾಕುವ ಪರೀಕ್ಷೆ ಇದಲ್ಲ. ನಾಲ್ಕನ್ನೂ ತೂಗಬೇಕು. ಯಾವುದು ಒಳ್ಳೆಯದು ಅನ್ನುವುದರ ಜೊತೆಗೆ ಯಾವುದು ಎಷ್ಟು ಕೆಟ್ಟದ್ದು ಅಂತ ತಿಳಿದಿರುವುದೂ ಅನುಭವವೇ.

ಅಂಕ ಹಾಕುವವರು ಯಾರು? ಸರಿ ಉತ್ತರ ಯಾವುದು ಅಂತ ಯಾರು ತೀರ್ಮಾನಿಸುತ್ತಾರೆ?

ಒಂದೇ ಸರಿ ಉತ್ತರ ಅಂತ ಇಲ್ಲ. ಆ ಹಂತವನ್ನು ಚೆನ್ನಾಗಿ ದಾಟಿ ಹೆಸರು ಗಳಿಸಿದ ಅಧಿಕಾರಿಗಳಿಗೆ ಮೊದಲು ಇದೇ ಪ್ರಶ್ನೆ ಕೊಟ್ಟು, ಅವರ ಸರಾಸರಿಯನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಅವರ ಸರಾಸರಿ 3, 8, 2, 4 ಅಂದುಕೊಳ್ಳಿ.

ಒಬ್ಬ ಯುವ ಅಧಿಕಾರಿ 5, 7, 2, 6 ಕೊಟ್ಟ. ಅನುಭವಿಗಳಿಂದ ಅವನ ದೂರ 2, 1, 0, 2. ಇವನ್ನು ವರ್ಗ ಮಾಡಿ ಕೂಡಿದರೆ 9. ಇನ್ನೊಬ್ಬ 8, 6, 5, 4 ಕೊಟ್ಟ. ದೂರ 5, 2, 3, 0. ವರ್ಗ ಮಾಡಿ ಕೂಡಿದರೆ 38. ಮೊತ್ತ ಕಮ್ಮಿ ಇದ್ದಷ್ಟೂ ಅನುಭವಿಗಳ ತೀರ್ಪಿಗೆ ಹತ್ತಿರ. ಎರಡನೆಯವನು "ಈ"ಗೆ ಅವರಷ್ಟೇ ಅಂಕ ಕೊಟ್ಟಿದ್ದರೂ, ಮೊದಲನೆಯದಕ್ಕೆ 8 ಕೊಟ್ಟಿದ್ದಾನೆ. ಎಲ್ಲರೆದುರು ಸುಬೇದಾರರ ಬಾಯಿ ಮುಚ್ಚಿಸುವುದು ನಾಯಕತ್ವ ಅಂದುಕೊಂಡಿದ್ದಾನೆ. ಅವನಿಗೆ ಎಲ್ಲಿ ತಿದ್ದಬೇಕು ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಪಾಸು ಫೇಲು ಹೇಳುವುದಕ್ಕಿಂತ ಈ ಉಪಯೋಗ ದೊಡ್ಡದು ಅಂತ ನಮ್ಮ ಅಭಿಪ್ರಾಯ.

ಈ ಲೆಕ್ಕದಲ್ಲಿ ಒಂದು ತೊಡಕು ಇದೆ. ಎಲ್ಲಕ್ಕೂ ಸುಮ್ನೆ ನಡುವಿನ 5, 6 ಅಂತ ಕೊಡುತ್ತಾ ಹೋದವನ ದೂರ ಎಲ್ಲೂ ಜಾಸ್ತಿ ಆಗುವುದಿಲ್ಲ. ಧೈರ್ಯವಾಗಿ 9 ಅಥವಾ 1 ಕೊಡುವವನಿಗೆ ನಷ್ಟವಾಗಬಹುದು. ಅದಕ್ಕೇ ಉತ್ತರದ ಜೊತೆ ಕಾರಣವನ್ನೂ ಬಾಯಲ್ಲಿ ಕೇಳಬೇಕು ಅನ್ನುತ್ತೇವೆ.

ಆ ಅಧ್ಯಯನದಲ್ಲಿ ಅನುಭವಿಗಳ ತೀರ್ಪಿಗೆ ಹತ್ತಿರ ಬಂದವರು ನಿಜಕ್ಕೂ ಒಳ್ಳೆಯ ನಾಯಕರಾಗಿದ್ದರಾ?

ಸ್ವಲ್ಪ ಮಟ್ಟಿಗೆ ಹೌದು. ಮೂರೂ ಹಂತದಲ್ಲಿ ಅಂಕಕ್ಕೂ ಬೇರೆಯವರು ಕೊಟ್ಟ ಅಭಿಪ್ರಾಯಕ್ಕೂ ನಂಟು ಕಂಡಿತು. ಭಾಷಾ ಸಾಮರ್ಥ್ಯದ ಪರೀಕ್ಷೆ ಹೇಳದ ಏನನ್ನೋ ಈ ಪ್ರಶ್ನಾವಳಿ ಹೇಳಿತು. ಆದರೆ ನಂಟು ಬಿಗಿಯಾದದ್ದಲ್ಲ. ಮೇಲಿನವರು, ಸಮಾನರು, ಕೈಕೆಳಗಿನವರು ಮೂವರ ಅಭಿಪ್ರಾಯಕ್ಕೂ ಎಲ್ಲ ಹಂತದಲ್ಲೂ ಒಂದೇ ರೀತಿ ಹೊಂದಲೂ ಇಲ್ಲ. ಮೂರನೇ ಹಂತದಲ್ಲಿ 31 ಜನ ಮಾತ್ರ ಇದ್ದರು ಅನ್ನುವುದನ್ನೂ ಮರೆಯಬಾರದು. ಲಿಂಡಾ ಗಾಟ್‌ಫ್ರೆಡ್ಸನ್ ಎಂಬ ವಿದ್ವಾಂಸರು 2003ರಲ್ಲಿ ಸ್ಟರ್ನ್‌ಬರ್ಗ್ ಅವರ ಈ ಬಗೆಯ ವಾದಗಳನ್ನೇ ಕಟುವಾಗಿ ಪ್ರಶ್ನಿಸಿದರು. ಸಾಮಾನ್ಯ ಬುದ್ಧಿಶಕ್ತಿಗಿಂತ ಬೇರೆಯಾದ ವ್ಯವಹಾರ ಬುದ್ಧಿ ಒಂದಿದೆ ಅನ್ನಲು ಸಾಕ್ಷ್ಯ ಸಾಲದು ಅನ್ನುವುದು ಅವರ ವಾದ.

ನಾವು ಇದನ್ನು ಹೀಗೆ ತೆಗೆದುಕೊಳ್ಳುತ್ತೇವೆ. ಒಬ್ಬರ ಬಡ್ತಿಯನ್ನು ಈ ಅಂಕದ ಮೇಲೆ ನಿಲ್ಲಿಸಬಾರದು. ತರಬೇತಿಗೆ, ಮಾತುಕತೆಗೆ ಇದು ಒಳ್ಳೆಯ ಸಾಧನ.

ಪ್ಲಟೂನ್‌ಗೂ ಬೆಟಾಲಿಯನ್‌ಗೂ ಬೇರೆ ಬೇರೆ ಪ್ರಶ್ನೆ ಯಾಕೆ?

ಚಿಂತೆಗಳೇ ಬೇರೆ. ಪ್ಲಟೂನ್ ನೋಡಿಕೊಳ್ಳುವ ಹುಡುಗನಿಗೆ ತನ್ನನ್ನು ಇವರು ನಂಬುತ್ತಾರಾ ಅನ್ನುವುದೇ ದೊಡ್ಡ ಪ್ರಶ್ನೆ. ತನಗಿಂತ ಹದಿನೈದು ವರ್ಷ ದೊಡ್ಡವರಿಗೆ ಕೆಲಸ ಹೇಳಬೇಕು. ಕಂಪನಿಗೆ ಬಂದರೆ ಜನರ ಕ್ಷೇಮ ಮತ್ತು ಕೆಲಸ ಎರಡನ್ನೂ ತೂಗಿಸಬೇಕು, ಪಕ್ಕದ ಕಂಪನಿಗಳ ಜೊತೆ ಹೊಂದಿಕೊಂಡು ಹೋಗಬೇಕು. ಬೆಟಾಲಿಯನ್ ಕಮಾಂಡರ್ ಎಲ್ಲರ ಮುಖವನ್ನೂ ದಿನಾ ನೋಡಲಾರ. ತನ್ನ ಮಾತು ಕೆಳಗಿನವರೆಗೆ ಹೇಗೆ ತಲುಪುತ್ತಿದೆ, ಕೆಲಸ ಮಾಡದ ಅಧಿಕಾರಿಯನ್ನು ಏನು ಮಾಡಬೇಕು, ಇಡೀ ಪಲ್ಟನ್ನಿನ ರೀತಿಯನ್ನು ಹೇಗೆ ಬದಲಿಸಬೇಕು ಅನ್ನುವುದು ಅವನ ತಲೆಬಿಸಿ. ಒಳ್ಳೆಯ ಕ್ಯಾಪ್ಟನ್ ಆಗಿದ್ದವನು ಅದೇ ರೀತಿಯಲ್ಲಿ ಬೆಟಾಲಿಯನ್ ನಡೆಸಹೊರಟರೆ ಎಲ್ಲದರಲ್ಲೂ ತಾನೇ ಕೈ ಹಾಕಿ ಸೋಲುತ್ತಾನೆ.

ಅಮೆರಿಕದ ಪ್ರಶ್ನಾವಳಿಯನ್ನೇ ಕನ್ನಡಕ್ಕೋ ಹಿಂದಿಗೋ ತಂದರೆ ಆಗಲ್ವಾ?

ಆಗದು. ವಿಧಾನವನ್ನು ತರಬಹುದು, ಪ್ರಶ್ನೆಗಳನ್ನಲ್ಲ.

ನಮ್ಮ ಸೇನೆಯಲ್ಲಿ ಅಧಿಕಾರಿಗೂ ಜವಾನನಿಗೂ ನಡುವೆ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಅನ್ನುವ ಮೆಟ್ಟಿಲು ಇದೆ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಅಮೆರಿಕದ ಸೇನೆಯಲ್ಲಿ ಇದಕ್ಕೆ ಸರಿಸಾಟಿಯಾದ ಹುದ್ದೆ ಇಲ್ಲ. ನಮ್ಮಲ್ಲಿ ಎಷ್ಟೋ ಪ್ಲಟೂನ್‌ಗಳನ್ನು ನಡೆಸುವವರೇ ಅವರು. ಹೊಸ ಅಧಿಕಾರಿ ಅವರ ಮಾತನ್ನು ಎಷ್ಟು ಕೇಳಬೇಕು, ಎಲ್ಲಿ ತನ್ನ ಮಾತು ನಡೆಸಬೇಕು ಅನ್ನುವುದು ಇಲ್ಲಿನ ನಾಯಕತ್ವದ ಮೊದಲ ಪಾಠ.

ಭಾಷೆಯದೂ ಹಾಗೆಯೇ. ತೀರ್ಥಹಳ್ಳಿಯ ಹುಡುಗಿ ಅಧಿಕಾರಿಯಾಗಿ ಹೋದರೆ ಕೈಕೆಳಗೆ ಪಂಜಾಬಿ, ಗಡ್ವಾಲಿ, ತಮಿಳು ಆಡುವವರು ಇರಬಹುದು. ಅವರ ಹಬ್ಬ ಯಾವುದು, ಮನೆಯಲ್ಲಿ ಬಿತ್ತನೆ ಯಾವಾಗ, ರಜೆಗೆ ಯಾಕೆ ಅಷ್ಟು ಹಟ ಅನ್ನುವುದನ್ನು ಅವಳು ಕಲಿಯಬೇಕು. ಎಲ್ಲರೂ ಕೂಡಿ ಉಣ್ಣುವ ಬಡಾ ಖಾನಾದಲ್ಲಿ ಯಾರು ಯಾರ ಪಕ್ಕ ಕೂರುತ್ತಿಲ್ಲ ಅಂತ ಗಮನಿಸುವ ಕಣ್ಣು ಬೇಕು. ಅಧಿಕಾರಿ ಜವಾನರ ಅಹವಾಲು ಕೇಳುವ ಸೈನಿಕ ಸಮ್ಮೇಳನದಲ್ಲಿ ಯಾರೂ ಏನೂ ಕೇಳಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲೋ, ಕೇಳಲು ಹೆದರಿದ್ದಾರೆ ಅಂತಲೋ ತಿಳಿಯಬೇಕು. ಇಂಥ ಪ್ರಸಂಗಗಳನ್ನು ಇಲ್ಲಿನವರಿಂದಲೇ ಕೇಳಿ ಬರೆದುಕೊಳ್ಳಬೇಕು.

ಎಸ್‌ಎಸ್‌ಬಿ ಇದನ್ನೇ ಅಳೆಯುತ್ತದಾ?

ಇಲ್ಲ. ಕೆಡೆಟ್‌ಗಳು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಎಸ್‌ಎಸ್‌ಬಿ ನೋಡುವುದು ನೀವು ಮುಂದೆ ಅಧಿಕಾರಿ ಆಗಬಲ್ಲಿರಾ ಅನ್ನುವುದನ್ನು. ಈಗಾಗಲೇ ಅನುಭವ ಇದೆಯಾ ಅಂತ ಅಲ್ಲ. ಬ್ರಿಟಿಷರು 1942ರಲ್ಲಿ ಶುರು ಮಾಡಿದ ಆಯ್ಕೆ ಮಂಡಳಿಗಳ ಪದ್ಧತಿ 1943ರಲ್ಲಿ ಡೆಹ್ರಾಡೂನ್‌ಗೆ ಬಂತು. ನಾಯಕನನ್ನು ಮೊದಲೇ ನೇಮಿಸದೆ ಗುಂಪಿಗೆ ಕೆಲಸ ಕೊಟ್ಟು ಯಾರು ಮುಂದೆ ಬರುತ್ತಾರೆ ಅಂತ ನೋಡುವ ರೀತಿ ಆಗಿನದೇ. ನಮ್ಮವರು ಹೆಚ್ಚಾಗಿ ಹೋಗುವ ಬೆಂಗಳೂರಿನ ಕೇಂದ್ರದಲ್ಲೂ ಐದು ದಿನದ ಈ ಪರೀಕ್ಷೆಯಲ್ಲಿ 15 ಗುಣಗಳನ್ನು ಹುಡುಕುತ್ತಾರೆ.

ಅದರಲ್ಲಿ 60 ಸನ್ನಿವೇಶಗಳಿಗೆ 30 ನಿಮಿಷದಲ್ಲಿ ಉತ್ತರಿಸುವ ಎಸ್‌ಆರ್‌ಟಿ (ಸಿಚುಯೇಶನ್ ರಿಯಾಕ್ಷನ್ ಟೆಸ್ಟ್) ಮೇಲೆ ಹೇಳಿದ ಪ್ರಶ್ನಾವಳಿಯ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಒಂದಕ್ಕೆ ಅರ್ಧ ನಿಮಿಷ. ತೂಗಿ ನೋಡಲು ಪುರುಸೊತ್ತು ಇರುವುದಿಲ್ಲ. ನಿಮಗೆ ಥಟ್ ಅಂತ ಹೊಳೆಯುವುದು ಏನು ಅನ್ನುವುದೇ ಅವರಿಗೆ ಬೇಕು. ಹಾಗಾಗಿ ಸುಬೇದಾರ್ ಪ್ರಸಂಗದಂಥವನ್ನು ಬಾಯಿಪಾಠ ಮಾಡಿಕೊಂಡು ಎಸ್‌ಎಸ್‌ಬಿಗೆ ಹೋಗಬೇಡಿ. ಕೋಚಿಂಗ್‌ನಲ್ಲಿ ಉರು ಹೊಡೆದ ಉತ್ತರ, ಐದು ದಿನದ ನಿಮ್ಮ ನಡವಳಿಕೆಯ ಪಕ್ಕದಲ್ಲಿಟ್ಟರೆ ಹೊಂದುವುದಿಲ್ಲ.

ಹಾಗಾದರೆ ಸೇವೆಯಲ್ಲಿರುವ ಅಧಿಕಾರಿಯನ್ನು ನಮ್ಮಲ್ಲಿ ಹೇಗೆ ಅಳೆಯುತ್ತಾರೆ?

ವರ್ಷಕ್ಕೊಮ್ಮೆ ಬರೆಯುವ ಗೌಪ್ಯ ವರದಿ ಮುಖ್ಯ. ನೇರ ಮೇಲಧಿಕಾರಿ ಬರೆಯುತ್ತಾರೆ, ಅವರ ಮೇಲಿನವರು ಪರಿಶೀಲಿಸುತ್ತಾರೆ, ಅದಕ್ಕೂ ಮೇಲಿನವರು ಇನ್ನೊಮ್ಮೆ ನೋಡುತ್ತಾರೆ. ಈ ಮೂರು ಜೋಡಿ ಕಣ್ಣೂ ಮೇಲಿನಿಂದ ಕೆಳಗೆ ನೋಡುವಂಥವು. ಕೈಕೆಳಗಿನವರಿಗೆ ಮಾತ್ರ ಕಾಣುವ ಗುಣದೋಷಗಳು ಇರುತ್ತವೆ. ಸನ್ನಿವೇಶ ಕೊಟ್ಟು ತೀರ್ಪು ಕೇಳುವ ವಿಧಾನ ಜೊತೆಗಿದ್ದರೆ ಚಿತ್ರ ಇನ್ನಷ್ಟು ತುಂಬಿಕೊಳ್ಳುತ್ತದೆ ಅಂತ ನಮ್ಮ ನಂಬಿಕೆ.

ನಮ್ಮ ಮನೆಯಲ್ಲೇ ನಿವೃತ್ತ ಸುಬೇದಾರರಿದ್ದಾರೆ. ಕೇಳಿದರೆ ಏನೂ ಹೇಳುವುದಿಲ್ಲ. ಏನು ಮಾಡೋದು?

ಈ ಪ್ರಶ್ನೆ ನಮಗೆ ತುಂಬಾ ಹತ್ತಿರದ್ದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮದ್ರಾಸ್ ಸ್ಯಾಪರ್ಸ್‌ನಿಂದಲೋ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದಲೋ ಬಂದವರು ಇದ್ದಾರೆ. ಅವರು ಅಧಿಕಾರಿಗಳಲ್ಲದಿರಬಹುದು. ಅಧಿಕಾರಿಗಳನ್ನು ತಿದ್ದಿ ತೀಡಿದವರು ಅವರೇ. ಅವರ ತಿಳಿವು ಅವರ ಜೊತೆಗೇ ಹೋಗಿಬಿಡುತ್ತಿದೆ.

ತಪ್ಪು ಅವರದ್ದಲ್ಲ, ನಾವು ಕೇಳುವ ರೀತಿಯದ್ದು. ಹೊಸನಗರ ಕಡೆಯ ಒಬ್ಬ ಹಿರಿಯರನ್ನು "ನಾಯಕತ್ವದ ಬಗ್ಗೆ ಏನು ಕಲಿತಿರಿ?" ಅಂದರೆ "ಎಂತ ಇಲ್ಲ ಮಾರಾಯ್ರೆ, ಡ್ಯೂಟಿ ಮಾಡಿದ್ವಿ" ಅಂದುಬಿಟ್ಟರು. ಅದೇ ಜಗುಲಿಯಲ್ಲಿ ಕೂತು, "ಒಬ್ಬ ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಂತ ಗೊತ್ತಾದರೆ ಮೊದಲು ಏನು ಮಾಡ್ತಿದ್ರಿ?" ಅಂದಾಗ ಮಾತು ನಿಲ್ಲಲಿಲ್ಲ. ಮೊದಲು ಅವನನ್ನು ಕೇಳಬಾರದಂತೆ, ಪಕ್ಕದ ಮಂಚದವನನ್ನು ಕೇಳಬೇಕಂತೆ. ಊರಿಂದ ಫೋನ್ ಬಂದ ದಿನ ಯಾವುದು ಅಂತ ತಿಳಿದುಕೊಳ್ಳಬೇಕು. ಅವನ ಬೂಟು ನೋಡಬೇಕು. ಬೂಟು ಪಾಲಿಶ್ ಆಗಿದ್ದರೆ ಮನೆಯ ಚಿಂತೆ, ಮಾತಾಡಿಸಿ ರಜೆ ಕೊಡಿಸಿದರೆ ಸರಿಹೋಗುತ್ತದೆ. ಬೂಟನ್ನೂ ಬಿಟ್ಟಿದ್ದಾನೆ ಅಂದರೆ ಅವನನ್ನು ಒಬ್ಬನೇ ಕಾವಲಿಗೆ ಹಾಕಬಾರದು, ಆ ಕ್ಷಣವೇ ಸಾಹೇಬರಿಗೆ ಹೇಳಬೇಕು.

ಇದರಲ್ಲಿ ಪರಿಸ್ಥಿತಿ ಇದೆ, ಮಾಡುವುದು ಇದೆ, ಕಾರಣ ಇದೆ. ಒಂದು ಪೂರ್ತಿ ಪ್ರಶ್ನೆಗೆ ಬೇಕಾದ ಸಾಮಗ್ರಿ ಇಷ್ಟರಲ್ಲೇ ಸಿಕ್ಕಿತು.

ಕೇಳುವ ಕ್ರಮ ಏನಾದರೂ ಇದೆಯಾ?

ಎರಡು ದಾರಿ ಹೇಳುತ್ತೇವೆ. ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು ಎರಡನೇ ಮಹಾಯುದ್ಧದ ವೇಳೆ ಅಮೆರಿಕದ ವಾಯುಪಡೆಯ ಜೊತೆ ಮಾಡಿದ ಕೆಲಸದಿಂದ ಒಂದು ವಿಧಾನ ಬೆಳೆಸಿ 1954ರಲ್ಲಿ ಪ್ರಕಟಿಸಿದರು. ಕೆಲಸ ತುಂಬಾ ಚೆನ್ನಾಗಿ ಆದ ಅಥವಾ ತೀರಾ ಕೆಟ್ಟುಹೋದ ಒಂದು ನಿರ್ದಿಷ್ಟ ಪ್ರಸಂಗ ಕೇಳಿ, ಯಾರು ಏನು ಮಾಡಿದರು ಅಂತ ಬಿಡಿಸಿಕೊಳ್ಳುವುದು. ಇನ್ನೊಂದು, 1980ರ ದಶಕದಲ್ಲಿ ಗ್ಯಾರಿ ಕ್ಲೈನ್ ಮತ್ತು ಜೊತೆಗಾರರು ಅಗ್ನಿಶಾಮಕ ದಳದ ಮುಖಂಡರ ಜೊತೆ ಬಳಸಿದ್ದು. ಒಂದೇ ಘಟನೆಯನ್ನು ಮತ್ತೆ ಮತ್ತೆ ಹೇಳಿಸಿ, ಆ ಹೊತ್ತಲ್ಲಿ ಏನು ಕಂಡಿರಿ, ಏನು ಕೇಳಿಸಿತು, ಹೊಸಬನಾಗಿದ್ದರೆ ಏನು ತಪ್ಪು ಮಾಡುತ್ತಿದ್ದ ಅಂತ ಕೆದಕುವುದು. ಕೊನೆಯ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ತಮ್ಮ ಜಾಣತನ ಹೇಳಿಕೊಳ್ಳಲು ಸಂಕೋಚ ಪಡುವವರು ಹೊಸಬರ ತಪ್ಪನ್ನು ಸಂಕೋಚವಿಲ್ಲದೆ ಹೇಳುತ್ತಾರೆ.

ಯುದ್ಧದ ದೊಡ್ಡ ದೊಡ್ಡ ಕಥೆಗಳಿಂದ ಪ್ರಶ್ನೆ ಮಾಡಬಹುದಾ?

ಮಾಡಬಹುದು, ಆದರೆ ಅಳತೆಗೆ ಅಷ್ಟಾಗಿ ಒದಗುವುದಿಲ್ಲ. ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು ಕಾಶ್ಮೀರದ ಯುದ್ಧದಲ್ಲಿ 1948ರ ನವೆಂಬರ್‌ನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಏರಿಸಿದ್ದು ಓದಿದರೆ ಮೈ ಜುಮ್ಮೆನ್ನುತ್ತದೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬಂದೀತು ಅಂತ ಎದುರಾಳಿ ನೆನೆಸಿರಲಿಲ್ಲ. ಆದರೆ ಗೆದ್ದದ್ದು ಎಲ್ಲರಿಗೂ ಗೊತ್ತಿರುವುದರಿಂದ "ಟ್ಯಾಂಕ್ ಏರಿಸಿ" ಅನ್ನುವ ಉತ್ತರಕ್ಕೆ ಎಲ್ಲರೂ 9 ಕೊಡುತ್ತಾರೆ. ಹೊಸಬನಿಗೂ ಅನುಭವಿಗೂ ವ್ಯತ್ಯಾಸ ಕಾಣುವುದಿಲ್ಲ. ಊಟ ಬಿಟ್ಟ ಹುಡುಗ, ರಜೆಯ ಅರ್ಜಿ, ಮಾತು ಬಿಟ್ಟ ಇಬ್ಬರು ಹವಲ್ದಾರರು, ಇಂಥ ಸಣ್ಣವುಗಳಲ್ಲೇ ವ್ಯತ್ಯಾಸ ಎದ್ದು ಕಾಣುವುದು.

ಕಾಲೇಜಿನ ಎನ್‌ಸಿಸಿ ಘಟಕದಲ್ಲಿ ಇದನ್ನು ಮಾಡಬಹುದಾ?

ಖಂಡಿತ. ಕ್ಯಾಂಪಿನ ಪ್ರಸಂಗಗಳನ್ನೇ ತೆಗೆದುಕೊಳ್ಳಿ. ಮಳೆಯಲ್ಲಿ ಟೆಂಟು ಸೋರಿದ್ದು, ಆಗುಂಬೆ ಕಡೆ ಚಾರಣದಲ್ಲಿ ಒಬ್ಬಳಿಗೆ ಕಾಲು ಉಳುಕಿದ್ದು, ಅಂಡರ್ ಆಫೀಸರ್ (ಹಿರಿಯ ಕೆಡೆಟ್) ಮಾತನ್ನು ಸಹಪಾಠಿಗಳೇ ಕೇಳದಿದ್ದದ್ದು. ನಾಲ್ಕೈದು ಆಯ್ಕೆ ಬರೆಯಿರಿ, ಅಂಕ ಹಾಕಿಸಿ, ಅನುಭವಿಗಳಿಂದಲೂ ಹಾಕಿಸಿ. ಆಮೇಲೆ ಎದುರುಬದುರು ಕೂರಿಸಿ "ಯಾಕೆ 3? ಯಾಕೆ 8?" ಅಂತ ಮಾತಾಡಿಸಿ. ಕ್ಯಾಂಪು ಮುಗಿದ ದಿನವೇ ಏನಾಗಬೇಕಿತ್ತು, ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಅಂತ ಎಲ್ಲರೂ ಕೂತು ಮಾತಾಡುವ ರೂಢಿಯನ್ನೂ ಹಾಕಿಕೊಳ್ಳಿ. ಅಮೆರಿಕದ ಸೇನೆ 1970ರ ದಶಕದಿಂದ ಇದನ್ನು ಪಾಲಿಸುತ್ತಿದೆ. ಆಗ ಹಿರಿಯ ಕಿರಿಯ ಅನ್ನುವುದನ್ನು ಪಕ್ಕಕ್ಕಿಡಬೇಕು. ಜೂನಿಯರ್ ಬಾಯಿ ಬಿಡದಿದ್ದರೆ ಆ ಸಭೆಗೆ ಅರ್ಥವೇ ಇಲ್ಲ.

ಬರೆದುಕೊಳ್ಳುವಾಗ ಏನನ್ನು ಬಿಡಬೇಕು?

ಘಟಕದ ಹೆಸರು, ಪೋಸ್ಟ್ ಇದ್ದ ಜಾಗ, ಕಾರ್ಯಾಚರಣೆಯ ದಿನಾಂಕ, ಆಯುಧ ಮತ್ತು ಸಂಖ್ಯೆಯ ವಿವರ, ಜವಾನರ ಹೆಸರು. ಇವು ಯಾವುವೂ ಬೇಡ. ನಿವೃತ್ತರಾದ ಮೇಲೂ 1923ರ ಅಧಿಕೃತ ರಹಸ್ಯ ಕಾಯ್ದೆ ಅನ್ವಯಿಸುತ್ತದೆ. "ಒಂದು ಬೆಟ್ಟದ ಪೋಸ್ಟ್", "ಒಬ್ಬ ಹುಡುಗ" ಅಂದರೆ ಸಾಕು, ಪ್ರಸಂಗಕ್ಕೆ ಏನೂ ಕೊರತೆ ಆಗದು. ಮೊಬೈಲ್‌ನಲ್ಲಿ ಧ್ವನಿ ಹಿಡಿಯುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಬರಹ ಮುಗಿದ ಮೇಲೆ ಅವರಿಗೇ ಓದಿ ಹೇಳಿ, ಅವರು ತೆಗೆಯಿರಿ ಅಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ.